ಮೀನಿನವರ ಟಯರು

ಹರಿನಾಥನ ಸೈಕಲಿನ ಹಿಂದಿನ ಟಯರು ಒಂದು ಬೆಳಿಗ್ಗೆ ತಾನಾಗಿಯೇ ಒಡೆಯಿತು. ಯಾರೂ ಅದನ್ನು ಮುಟ್ಟಿರಲಿಲ್ಲ. ಸೈಕಲು ಜಗಲಿಯ ಕಂಬಕ್ಕೆ ಒರಗಿ, ಮುದುಕರು ಎಳೆಬಿಸಿಲು ಕಾಯಿಸುವ ಹಾಗೆ ಸುಮ್ಮನೆ ನಿಂತಿತ್ತು. ಹಿಂದಿನ ಸಂಜೆ ಅವನು ಗಾಳಿ ಸ್ವಲ್ಪ ಹೆಚ್ಚೇ ತುಂಬಿಸಿದ್ದ. ಬಿಸಿಲು ತಾಗಿದ್ದೇ ತಡ, ಗರ್ನಾಲು ಸಿಡಿದಂಥ ಸದ್ದು. ಬಾವಿಕಟ್ಟೆಯಲ್ಲಿದ್ದ ಅವನ ಹೆಂಡತಿ ದಮಯಂತಿಯ ಕೈಯಿಂದ ಹಗ್ಗ ಜಾರಿ ಕೊಡಪಾನ ಬಾವಿಗೆ ಹೋಯಿತು. ಪಕ್ಕದ ಮನೆಯಲ್ಲಿ ಜಪಕ್ಕೆ ಕೂತಿದ್ದ ವೆಂಕಟಕೃಷ್ಣ ಭಟ್ಟರು "ರಾಮ" ಎನ್ನಬೇಕಾದಲ್ಲಿ "ಅಯ್ಯೋ" ಎಂದು, ಹಾಗೆಯೇ ಎದ್ದು ಬಂದರು. ಹರಿನಾಥನಿದ್ದ ಬಿಡಾರದ ಮಾಲಿಕರು ಅವರೇ. ಸದ್ದು ತಮ್ಮ ಗೋಡೆಯದ್ದೋ ಬಾಡಿಗೆಯವನದ್ದೋ ಎಂದು ತಿಳಿಯದೆ ಅವರಿಗೆ ಸಮಾಧಾನವಿಲ್ಲ.

ಒಡೆಯುವುದಕ್ಕೆ ಇವತ್ತೇ ಆಗಬೇಕಿತ್ತೇ ಎಂಬುದು ಹರಿನಾಥನ ಸಂಕಟ. ಅವನು ಸಹಕಾರಿ ಸಂಘಗಳ ಸೂಪರ್‌ವೈಸರು. ಎಂದರೆ ಊರೂರಿನ ಸಣ್ಣ ಸಂಘಗಳಿಗೆ ಸೈಕಲಿನಲ್ಲಿ ಸರ್ಕೀಟು ಹೋಗಿ, ಲೆಕ್ಕ ನೋಡಿ, ಕೊಟ್ಟ ಬೊಂಡದ ಎಳನೀರು ಕುಡಿದು, ರುಜು ಹಾಕಿ ಬರುವವನು. ಕೆಲಸ ಇನ್ನೂ ಖಾಯಂ ಆಗಿರಲಿಲ್ಲ. ಅವತ್ತು ಹತ್ತು ಗಂಟೆಯ ರೈಲುಗಾಡಿಗೆ ಮಂಗಳೂರಿನಿಂದ ಇಲಾಖೆಯ ಡೆಪ್ಯುಟಿ ಉದಯಶಂಕರ ರಾಯರು ಉಪ್ಪಳಕ್ಕೆ ಬಂದು, ಅವನ ಜೊತೆ ಬಾಯಾರಿನ ಸಂಘಕ್ಕೆ ಹೋಗಿ, ಕೆಲಸ ನೋಡಿ ಖಾಯಂ ಮಾಡುವುದೋ ಬಿಡುವುದೋ ಹೇಳುವವರಿದ್ದರು.

ಖಾಯಂ ಆದರೆ ಈಗಿರುವ ಮಂಗಲ್ಪಾಡಿಯಲ್ಲೇ ನಿಲ್ಲಬಹುದು ಎಂಬುದು ಅವನ ಲೆಕ್ಕಾಚಾರ. ದಮಯಂತಿ ಅಲ್ಲಿಯ ಹೆಣ್ಣುಮಕ್ಕಳ ಶಾಲೆಯಲ್ಲಿ ಟೀಚರು. ಮದುವೆಯಾದ ಮೇಲೆ ಗಂಡ ಒಂದೂರು ಹೆಂಡತಿ ಒಂದೂರು ಎಂದು, ನೆಂಟರ ಹಾಗೆ ಹಬ್ಬಕ್ಕೆ ಹಬ್ಬಕ್ಕೆ ಮುಖ ನೋಡಿಕೊಂಡವರು ಅವರು. ಕಳೆದ ದೀಪಾವಳಿಗಷ್ಟೇ ಒಟ್ಟಿಗೆ ಒಲೆ ಹೂಡಿದ್ದರು. ಮೊನ್ನೆ ಅವಳು ಅಂಗಳದ ಮೂಲೆಯಲ್ಲಿ ಬಸಳೆಗೆ ಚಪ್ಪರ ಹಾಕಿಸಿದಳು. ಸರ್ಕಾರಿ ಕೆಲಸದವರ ಅಂಗಳ ನೋಡಿದರೆ ಅವರ ಮನಸ್ಸು ಗೊತ್ತಾಗುತ್ತದೆ. ವರ್ಗದ ಭಯ ಇರುವವರು ಹರಿವೆ ಬಿತ್ತುತ್ತಾರೆ. ಅದು ಬೇಗ ಬರುತ್ತದೆ, ಕಿತ್ತು ತಿಂದು ಹೋಗಬಹುದು. ಬಸಳೆಗೆ ಚಪ್ಪರ ಹಾಕಿದವರು ಇಲ್ಲೇ ಇರುತ್ತೇವೆ ಎಂದು ನಂಬಿದವರು.

"ಟಯರು ಅಂದರೆ ಇದಾ ಮಾರಾಯ?" ಭಟ್ಟರು ಬಗ್ಗಿ ನೋಡಿದರು. "ನನ್ನ ಜುಟ್ಟಿನಲ್ಲಿ ಇದಕ್ಕಿಂತ ಹೆಚ್ಚು ಉಂಟು."

ಭಟ್ಟರ ಜುಟ್ಟಿನಲ್ಲಿ ಏನೂ ಇರಲಿಲ್ಲ. ಟಯರೂ ಹಾಗೆಯೇ ಬೋಳಾಗಿತ್ತು. ಗೆರೆಯೆಲ್ಲ ಸವೆದು, ಒಳಗಿನ ನೂಲು ಅಲ್ಲಲ್ಲಿ ಹಲ್ಲು ಕಿರಿಯುತ್ತಿತ್ತು. ಈಗ ಬದಿಯಲ್ಲಿ ಅಂಗೈಯಷ್ಟು ಬಾಯಿ ಬೇರೆ.

ಸದ್ದು ಕೇಳಿ ಎದುರು ಮನೆಯಿಂದ ಗುಣಪಾಲಣ್ಣನೂ ಬಂದರು. ಅವರೂ ಸೂಪರ್‌ವೈಸರೇ, ಹಿರಿಯರು. ಸರ್ಕೀಟಿನಲ್ಲಿ ಹರಿನಾಥನದು ಮೂಡಣ ಗುಡ್ಡೆಯ ಬದಿ, ಅವರದು ಕಡಲ ಬದಿ. ಎಷ್ಟೋ ಡೆಪ್ಯುಟಿಗಳು ಬಂದು ಹೋದರೂ ಗುಣಪಾಲಣ್ಣ ಮಾತ್ರ ಹುಣಸೆಮರದ ಹಾಗೆ ಮಂಗಲ್ಪಾಡಿಯಲ್ಲೇ ಇದ್ದರು. ಅವರ ಸೈಕಲನ್ನು ಕಂಡರೆ ಊರಿನವರಿಗೆಲ್ಲ ನಗು. ಅದು ಬರುವುದಕ್ಕಿಂತ ಮೊದಲು ಅದರ ಗಡಗಡ ಬರುತ್ತಿತ್ತು. ಟಯರಿಗೆ ಹಾಕಿದ ತೇಪೆಗಳನ್ನು ಬಿಚ್ಚಿದರೆ ಟಯರೇ ಉಳಿಯಲಿಕ್ಕಿಲ್ಲ ಎಂದು ಸೈಕಲ್ ಅಂಗಡಿಯ ಚೆನ್ನಪ್ಪ ಹೇಳುತ್ತಿದ್ದ. ಇಷ್ಟು ವರ್ಷದ ಸಂಬಳ ತೆಗೆದುಕೊಂಡೂ ಒಂದು ಟಯರಿಗೆ ಮನಸ್ಸು ಬಾರದ ಜಿಪುಣ ಎಂದು ಹರಿನಾಥನಿಗೂ ಒಳಗೊಳಗೇ ಅನಿಸಿದ್ದುಂಟು.

ಗುಣಪಾಲಣ್ಣ ಒಡೆದ ಟಯರಿನ ಬಾಯೊಳಗೆ ಬೆರಳು ಹಾಕಿ ನೋಡಿದರು. ವೈದ್ಯರು ನಾಲಿಗೆ ನೋಡುವ ಹಾಗೆ ತುಂಬ ಹೊತ್ತು ನೋಡಿದರು.

"ಒಳ್ಳೆ ಟಯರು ಮಾರಾಯ ಇದು. ಒಳಗಿನಿಂದ ಒಂದು ಗೋಣಿ ತುಂಡು ಇಟ್ಟು ಇವತ್ತಿಗೆ ಓಡಿಸು."

"ಡೆಪ್ಯುಟಿಯವರು ನೋಡುವುದಿಲ್ಲವಾ ಗುಣಪಾಲಣ್ಣ?"

"ನೋಡಲಿ. ಅವರು ಬರುದೇ ನೋಡ್ಲಿಕ್ಕೆ ಅಲ್ವಾ?"

"ಇದನ್ನು ನೋಡಿದರೆ ಎಂತ ತಿಳಿದುಕೊಳ್ಳುವುದು ಅವರು!"

"ತಿಳಿದುಕೊಳ್ಳಬೇಕಾದ್ದನ್ನೇ ತಿಳಿದುಕೊಳ್ತಾರೆ. ಹೊಸತು ಬೇಡ ಹರಿನಾಥ. ಇವತ್ತು ಮಾತ್ರ ಬೇಡ."

ಹರಿನಾಥನಿಗೆ ಒಂದು ಗಳಿಗೆ ಸಂಶಯ ಬಂತು. ತನಗೆ ಖಾಯಂ ಆಗುವುದು ಇವರಿಗೆ ಇಷ್ಟವಿಲ್ಲವೋ ಹೇಗೆ? ಮನುಷ್ಯನಿಗೆ ಬುದ್ಧಿವಾದ ಬೇಕಾದಾಗ ಅದು ಅಸೂಯೆಯ ಹಾಗೆ ಕಾಣುತ್ತದೆ. ಅಸೂಯೆಯನ್ನು ಮಾತ್ರ ಅವನು ಬುದ್ಧಿವಾದವೆಂದು ಖುಷಿಯಿಂದ ನುಂಗುತ್ತಾನೆ.

"ಇಲ್ಲ, ಹೊಸತೇ ಹಾಕಿಸುದು," ಎಂದ.

"ಹಾಗಾದರೆ ಆ ಒಡೆದದ್ದನ್ನು ನನಗೆ ಕೊಟ್ಟುಬಿಡು," ಎಂದರು ಗುಣಪಾಲಣ್ಣ. ಕೇಳುವಾಗ ಅವರ ದನಿ ಸ್ವಲ್ಪ ಇಳಿಯಿತು.

ಹರಿನಾಥನಿಗೆ ಅಯ್ಯೋ ಪಾಪ ಅನಿಸಿತು. ಟಯರು ಬಿಚ್ಚಿ ಕೊಟ್ಟ. ಗುಣಪಾಲಣ್ಣ ಅದನ್ನು ಭುಜಕ್ಕೆ ಹಾಕಿಕೊಂಡು, ಸನ್ಮಾನದ ಹಾರ ಬಿದ್ದವರ ಹಾಗೆ ಮನೆ ಕಡೆ ನಡೆದರು.

ಟಯರಿಲ್ಲದ ಸೈಕಲನ್ನು ದೂಡಿಕೊಂಡು ಹರಿನಾಥ ಉಪ್ಪಳ ಪೇಟೆಯ ಚೆನ್ನಪ್ಪನ ಅಂಗಡಿಗೆ ಹೋದ. ಭಟ್ಟರೂ ಹೊರಟರು. "ನಾನು ಸೈಕಲು ಹತ್ತಿದವ ಅಲ್ಲ. ಆದರೆ ಮೋಸ ಹೋಗುವವರನ್ನು ಬೇಕಾದಷ್ಟು ನೋಡಿದ್ದೇನೆ," ಎಂಬುದು ಅವರು ಕೊಟ್ಟ ಕಾರಣ.

ಚೆನ್ನಪ್ಪ ಗೂಟದಿಂದ ಒಂದು ಟಯರು ತೆಗೆದು ಮುಂದಿಟ್ಟ. ಕೋಲಿನ ಹಾಗೆ ಸಪೂರ, ಮೇಲೆ ಕೂದಲೆಳೆಯಂಥ ಗೆರೆ.

"ಇದು ನೋಡಿ. ಡಾಮರು ರಸ್ತೆಯಲ್ಲಿ ಬಿಟ್ಟರೆ ಮೆಟ್ಟುದೇ ಬೇಡ, ಅದರಷ್ಟಕ್ಕೆ ಓಡ್ತದೆ."

"ಡಾಮರು ಎಲ್ಲುಂಟು?" ಹರಿನಾಥ ಕೇಳಿದ.

"ಮಂಗಳೂರಿನಲ್ಲುಂಟು."

"ನಾನು ಹೋಗುದು ಬಾಯಾರಿಗೆ ಮಾರಾಯ."

"ಹಾಗಾದರೆ ಇದು," ಎಂದು ಚೆನ್ನಪ್ಪ ಇನ್ನೊಂದನ್ನು ಎತ್ತಿದ. ಕೊಬ್ಬಿದ ಹೆಬ್ಬಾವಿನ ಹಾಗೆ ದಪ್ಪ, ಮೆತ್ತಗೆ. "ಬಲೂನು ಟಯರು. ಗಾಳಿ ಕಮ್ಮಿ ಸಾಕು. ಕೂತರೆ ಹತ್ತಿಯ ಹಾಸಿಗೆಯಲ್ಲಿ ಕೂತ ಹಾಗೆ. ಕಲ್ಲು ಸಿಕ್ಕಿದ್ದು ಸೊಂಟಕ್ಕೆ ಗೊತ್ತೇ ಆಗುದಿಲ್ಲ."

ಭಟ್ಟರು ಅದನ್ನು ಬೆರಳಿನಿಂದ ತಟ್ಟಿ, ಹಲಸಿನಕಾಯಿ ಬೆಳೆಯಿತೇ ಎಂದು ನೋಡುವವರ ಹಾಗೆ ಕಿವಿ ಕೊಟ್ಟರು. "ಹಾಸಿಗೆ ಸರಿ. ಆದರೆ ಹಾಸಿಗೆಯನ್ನು ಗುಡ್ಡೆ ಹತ್ತಿಸ್ಲಿಕ್ಕೆ ಆಗ್ತದಾ? ಚಡಾವಿನಲ್ಲಿ ಇದು ಮಲಗಿಬಿಡ್ತದೆ. ಮತ್ತೆ ಇದರ ಬದಿ ನೋಡು, ಹಪ್ಪಳದ ಹಾಗೆ. ಮುರಕಲ್ಲಿನ ಅಂಚು ತಾಗಿದರೆ ಆಯ್ತು."

ಸೈಕಲು ಹತ್ತದ ಬಾಯಿಂದ ಬಂದದ್ದಾದರೂ ಮಾತು ಸರಿಯಿತ್ತು. ಬಾಯಾರಿನ ದಾರಿಯಲ್ಲಿ ಮೊದಲು ಕಡಲ ಮರಳಿನಂಥ ಹೊಯಿಗೆ, ಆಮೇಲೆ ಮುರಕಲ್ಲು, ಆಮೇಲೆ ಕೆಸರು. ಒಂದಕ್ಕೆ ಆದ ಟಯರು ಇನ್ನೊಂದಕ್ಕಾಗುವುದಿಲ್ಲ. ಸುಖ ಬೇಕೆಂದರೆ ಹಿಡಿತ ಹೋಗುತ್ತದೆ, ಹಿಡಿತ ಬೇಕೆಂದರೆ ಓಟ ಹೋಗುತ್ತದೆ, ಮೂರೂ ಬೇಕೆಂದರೆ ತಿಂಗಳ ಸಂಬಳ ಹೋಗುತ್ತದೆ. ಮದುವೆಗೆ ಗಂಡು ಹುಡುಕುವುದಕ್ಕೂ ಟಯರು ಆರಿಸುವುದಕ್ಕೂ ದೊಡ್ಡ ವ್ಯತ್ಯಾಸ ಇಲ್ಲ.

ಚೆನ್ನಪ್ಪ ಆಚೆ ಈಚೆ ನೋಡಿ, ಮೂಲೆಯ ಗೋಣಿಯ ಅಡಿಯಿಂದ ಒಂದು ಜೊತೆ ಟಯರು ಎಳೆದ. ಭಾರದ ಟಯರುಗಳು. ಮೇಲೆ ಬೆರಳು ಹೂಳುವಷ್ಟು ಆಳದ ಕಟ್ಟೆ ಕಟ್ಟೆಯ ಅಚ್ಚು, ಎಮ್ಮೆಯ ಚರ್ಮದಂಥ ಬದಿ.

"ಅದ್ರಾಮ ಬ್ಯಾರಿ ಹಾಕಿಸಿದ್ದು. ಮೀನಿನ ಬುಟ್ಟಿ ಹೊತ್ತುಕೊಂಡು ಗುಡ್ಡೆಯ ಮೇಲಿನ ಊರಿಗೆಲ್ಲ ಹೋಗುದಲ್ವಾ? ಅವರಿಗೆ ಇದೇ ಆಗಬೇಕು. ಒಂದು ವಾರ ಓಡಿಸಿದ, ಆಮೇಲೆ ಬೊಂಬಾಯಿಗೆ ಹೋದ. ಮಾರಿಕೊಡು ಅಂತ ಬಿಟ್ಟು ಹೋಗಿದ್ದಾನೆ. ಅರ್ಧ ಕ್ರಯಕ್ಕೆ ಕೊಡ್ತೇನೆ."

"ಮೀನಿನವರದ್ದಾ? ಶಿವ ಶಿವ!" ಭಟ್ಟರು ಹಿಂದೆ ಸರಿದರು. ಅಲ್ಲಿಂದಲೇ ಕೇಳಿದರು, "ಅರ್ಧಕ್ಕಿಂತ ಕಮ್ಮಿ ಎಷ್ಟಕ್ಕೆ ಕೊಡ್ತಿ?"

ಮಡಿ ಬೇರೆ, ವ್ಯಾಪಾರ ಬೇರೆ. ದೂರದಲ್ಲಿ ನಿಂತುಕೊಂಡೇ ಭಟ್ಟರು ಚರ್ಚೆ ಮಾಡಿ ಕ್ರಯವನ್ನು ಇನ್ನಷ್ಟು ಇಳಿಸಿದರು. ಚೆನ್ನಪ್ಪ ಸೋತವನ ಮುಖ ಮಾಡಿ, "ಕೊಸರಿಗೆ ಅದ್ರಾಮನ ಹಾರ್ನನ್ನೂ ಹಾಕಿ ಕೊಡ್ತೇನೆ. ನಿಮ್ಮ ಬೆಲ್ಲು ಹೊಡೆದರೆ ನಿಮಗೇ ಕೇಳುದಿಲ್ಲ," ಎಂದ. ರಬ್ಬರಿನ ಉಂಡೆ ಹಿಚುಕಿದರೆ ಪೊಂಯ್ ಎನ್ನುವ ಹಿತ್ತಾಳೆಯ ಹಾರ್ನು ಅದು.

"ಹಿಡಿತ ಉಂಟಲ್ಲ ಚೆನ್ನಪ್ಪ? ನನ್ನ ಜೀವನದ ಪ್ರಶ್ನೆ," ಎಂದ ಹರಿನಾಥ.

"ಹಿಡಿತವಾ? ಈ ಟಯರಿನಲ್ಲಿ ನೀವು ದೇಲಂಪಾಡಿ ಗುಡ್ಡೆಯನ್ನೂ ಹತ್ತಬಹುದು. ಬೇಕಾದರೆ ನಾಳೆಯೇ ಹೋಗಿ ನೋಡಿ."

"ದೇಲಂಪಾಡಿಗೆ ಮನುಷ್ಯರು ಹೋಗುದುಂಟಾ?" ಭಟ್ಟರೆಂದರು. "ನಮ್ಮ ಭಾವ ಒಮ್ಮೆ ಹೋದವ, ಕಾಡುಹಂದಿಯ ಹತ್ತಿರ ದಾರಿ ಕೇಳಿಕೊಂಡು ಬಂದ."

ಮೂವರೂ ನಕ್ಕರು.

ಮನೆಗೆ ಬಂದ ಹರಿನಾಥ ಟಯರಿಗೆ ಮೂಗು ಹಿಡಿದು ನೋಡಿದ. ದಮಯಂತಿ ಅಷ್ಟು ಹೊತ್ತಿಗೆ ಬಾವಿಯಿಂದ ಕೊಡಪಾನ ಎತ್ತಿ, ಶಾಲೆಗೆ ಹೊರಟು ನಿಂತಿದ್ದಳು.

"ವಾಸನೆ ಉಂಟಾ ನೋಡು."

ಅವಳೂ ಬಗ್ಗಿ ಮೂಸಿದಳು. "ಎಂತ ವಾಸನೆ? ಏನೂ ಇಲ್ಲಪ್ಪ."

ಇಬ್ಬರೂ ಸುಳ್ಳು ಹೇಳಲಿಲ್ಲ. ದಿನವೂ ಮೀನು ಬೇಯುವ ಮನೆಯ ಮೂಗಿಗೆ ಮೀನು ಒಂದು ವಾಸನೆಯೇ ಅಲ್ಲ. ಭಟ್ಟರನ್ನು ಕೇಳಿದ್ದರೆ ಅವರು ಹೇಳುತ್ತಿದ್ದರು. ಆದರೆ ಭಟ್ಟರು ಮತ್ತೆ ಸ್ನಾನಕ್ಕೆ ಹೋಗಿದ್ದರು.

"ಒಳ್ಳೆದಾಗ್ತದೆ," ಎಂದು ದಮಯಂತಿ ಬಸಳೆಯ ಒಂದು ಬಳ್ಳಿಯನ್ನು ಚಪ್ಪರಕ್ಕೆ ಹತ್ತಿಸಿ ಹೊರಟಳು. ಗೇಟಿನ ಹತ್ತಿರ ತಿರುಗಿ, "ಖಾಯಂ ಆದರೆ ಬರುವಾಗ ಸ್ವಲ್ಪ ಬೆಲ್ಲ ತನ್ನಿ," ಎಂದಳು.

ಸ್ಟೇಶನ್ನಿನ ಹತ್ತಿರದ ಆಫೀಸಿನಲ್ಲಿ ಹರಿನಾಥ ತನ್ನ ಸೈಕಲನ್ನು ಗುಣಪಾಲಣ್ಣನ ಸೈಕಲಿನ ಪಕ್ಕದಲ್ಲಿ ನಿಲ್ಲಿಸಿದ. ಆ ಸೈಕಲನ್ನು ಅವನು ಬಗ್ಗಿ ನೋಡಿದ. ಬೆಳಿಗ್ಗೆ ತಾನು ಕೊಟ್ಟ ಒಡೆದ ಟಯರು ಅದರ ಹಿಂದಿನ ಚಕ್ರಕ್ಕೆ ಏರಿತ್ತು. ಒಡೆದ ಬಾಯಿಯಿಂದ ಗೋಣಿ ಹೊರಗೆ ಇಣುಕುತ್ತಿತ್ತು. ಅದರ ಮೇಲೆ ಕತ್ತದ ಹಗ್ಗವನ್ನು, ಮೂಳೆ ಮುರಿದ ಕಾಲಿಗೆ ಸುತ್ತುವ ಹಾಗೆ ಸುತ್ತಿದ್ದರು. ಡೆಪ್ಯುಟಿ ಬರುವ ದಿನವೂ ಹೀಗಾ! ಖಾಯಂ ಆದ ಮೇಲೆ ಮೊದಲ ಸಂಬಳದಲ್ಲಿ ಇವರಿಗೊಂದು ಟಯರು ತೆಗೆದುಕೊಡಬೇಕು ಎಂದು ಹರಿನಾಥ ಮನಸ್ಸಿನಲ್ಲೇ ನಿಶ್ಚಯಿಸಿದ.

ಗಾಡಿಯಿಂದ ಇಳಿದ ಉದಯಶಂಕರ ರಾಯರು ತೂಕದ ಮನುಷ್ಯರು. ಮಾತಿನಲ್ಲೂ, ಶರೀರದಲ್ಲೂ. ಶುದ್ಧ ಶಾಕಾಹಾರ, ಬಿಳಿ ಕೋಟು, ಕೈಯಲ್ಲಿ ಕೊಡೆ. ಬಾಯಾರಿನ ಕಡೆಗೆ ಬಸ್ಸಿಲ್ಲ, ಅವರಿಗೆ ಸೈಕಲು ಬಾರದು. ಯಾರ ಸೈಕಲಿನ ಹಿಂದೆ ಕೂರುವುದೆಂದು ಎರಡನ್ನೂ ನೋಡಿದರು.

"ನನ್ನದರಲ್ಲಿ ಬನ್ನಿ ಸಾರ್," ಗುಣಪಾಲಣ್ಣ ತುಂಬ ವಿನಯದಿಂದ ಕರೆದರು. "ಸ್ವಲ್ಪ ಕುಣಿತದೆ. ಬಿದ್ದರೂ ನಿಧಾನಕ್ಕೆ ಬೀಳ್ತೇವೆ."

ರಾಯರು ಕತ್ತದ ಹಗ್ಗವನ್ನು ಕೊಡೆಯ ತುದಿಯಿಂದ ಮುಟ್ಟಿ ನೋಡಿದರು. ಆಮೇಲೆ ಹರಿನಾಥನ ಟಯರನ್ನು ಹೆಬ್ಬೆರಳಿನಿಂದ ಒತ್ತಿದರು. ಹೆಬ್ಬೆರಳು ಸೋತಿತು. ನೆಟ್ಟಗೆ ಹೋಗಿ ಹರಿನಾಥನ ಕ್ಯಾರಿಯರಿನ ಮೇಲೆ ಕೂತರು. ಅದ್ರಾಮನ ಸೈಕಲಿನಲ್ಲಿ ಬುಟ್ಟಿ ಇರುತ್ತಿದ್ದ ಜಾಗ ಅದು.

ಗುಣಪಾಲಣ್ಣ ಆಫೀಸಿನಲ್ಲೇ ಉಳಿದರು. ಇವರಿಬ್ಬರು ಕೈಕಂಬದಲ್ಲಿ ಮೂಡಕ್ಕೆ ತಿರುಗಿದರು. ಹೊಯಿಗೆಯ ದಾರಿಯಲ್ಲಿ ಟಯರು ಗುರ್ರ್ ಎಂದು ಎತ್ತಿನ ಹಾಗೆ ನಡೆಯಿತು. ಮೊದಲ ಚಡಾವಿನಲ್ಲಿ ಹರಿನಾಥನ ಬೆವರು ಇಳಿಯಿತು, ರಾಯರು ಇಳಿಯಲಿಲ್ಲ. ಟಯರು ಒಂದಂಗುಲವೂ ಜಾರಲಿಲ್ಲ. ಸುಖದ ಮಾತು ಬೇರೆ. ಪ್ರತಿಯೊಂದು ಕಲ್ಲು ಟಯರಿನಿಂದ ಹೊರಟು, ಸೀಟಿನ ಮೂಲಕ, ಹಲ್ಲಿನವರೆಗೆ ಬಂದು ತನ್ನ ಹೆಸರು ಹೇಳಿ ಹೋಗುತ್ತಿತ್ತು.

"ತಿರುವು ಬಂತು. ಹಾರ್ನ್ ಮಾಡಿ, ಹಾರ್ನ್ ಮಾಡಿ," ಎಂದರು ರಾಯರು. ಅಪಘಾತಕ್ಕೆ ಅವರು ತುಂಬ ಹೆದರುವವರು.

ಹರಿನಾಥ ಹಾರ್ನು ಹಿಚುಕಿದ. ಪೊಂಯ್, ಪೊಂಯ್.

ತಿರುವಿನ ಆಚೆಯ ಮನೆಗಳಿಂದ ಹೆಂಗಸರು ಹೊರಗೆ ಓಡಿ ಬಂದರು. ಒಬ್ಬೊಬ್ಬರ ಕೈಯಲ್ಲೂ ಒಂದೊಂದು ಮಣ್ಣಿನ ಚಟ್ಟಿ. ಒಬ್ಬಳು ಬೇಲಿಯ ಮೇಲಿನಿಂದ ಕೈ ಬೀಸಿ ಕೂಗಿದಳು. ಹರಿನಾಥನಿಗೆ ಸಂಗತಿ ಹೊಳೆಯಿತು. ತಲೆ ತಗ್ಗಿಸಿ ಜೋರಾಗಿ ಮೆಟ್ಟಿದ.

"ಇಷ್ಟು ಜನ ಯಾಕೆ ಬಂದದ್ದು?" ರಾಯರು ಕೇಳಿದರು.

"ಸಂಘದ ಮೇಲೆ ಅಭಿಮಾನ ಸಾರ್."

"ಪಾತ್ರೆ ಹಿಡಿದುಕೊಂಡು?"

"ಅವಸರದಲ್ಲಿ ಕೈಯಲ್ಲಿದ್ದದ್ದನ್ನು ಇಡ್ಲಿಕ್ಕೆ ಆಗಿರಲಿಕ್ಕಿಲ್ಲ ಸಾರ್."

ರಾಯರಿಗೆ ಸಂತೋಷವಾಯಿತು. ಇಂಥ ಸದಸ್ಯರು ಜಿಲ್ಲೆಯಲ್ಲಿ ಬೇರೆಲ್ಲೂ ಇಲ್ಲ ಎಂದರು. ಮುಂದಿನ ತಿರುವಿನಲ್ಲಿ ತಾವೇ ಕೈ ಚಾಚಿ ಹಾರ್ನು ಹಿಚುಕಿದರು.

ಅಷ್ಟರಲ್ಲಿ ಬಿಸಿಲು ಏರಿತ್ತು. ಬುಟ್ಟಿಯಿಂದ ಸೋರಿ ಸೋರಿ ಟಯರಿನ ಕಟ್ಟೆಗಳ ನಡುವೆ ಸೇರಿದ್ದ ಒಂದು ವಾರದ ಮೀನಿನ ನೀರು ಬಿಸಿಲಿಗೆ ಎಚ್ಚರವಾಯಿತು. ಯಾವುದೋ ಅಂಗಳದಿಂದ ಒಂದು ಹಂಡಬಂಡ ಬೆಕ್ಕು ಇಳಿದು ಬಂದು ಹಿಂದೆ ಓಡತೊಡಗಿತು. ಅದನ್ನು ನೋಡಿ ಇನ್ನೊಂದು. ಆ ಇನ್ನೊಂದರ ಮರಿಗಳು. ರಾಯರು ಮೂಗಿಗೆ ಕರವಸ್ತ್ರ ಹಿಡಿದು, "ಇಲ್ಲಿ ಎಲ್ಲೋ ಏನೋ ಸತ್ತಿದೆ," ಎಂದರು. ಒಂದು ಮೈಲಿ ಹೋದ ಮೇಲೆ, "ಅದು ನಮ್ಮ ಜೊತೆಯೇ ಬರುತ್ತಿದೆಯಲ್ಲ!" ಎಂದರು.

ಪೈವಳಿಕೆ ದಾಟಿದ ಮೇಲಿನ ತಿರುವಿನಲ್ಲಿ ಗಟ್ಟಿ ದನಿಯ ಹೆಂಗಸೊಬ್ಬಳು ದಾರಿಯ ನಡುವೆಯೇ ಬಂದು ನಿಂತಳು. ಪ್ರೇಮಾವತಿ ಎಂದು ಅವಳ ಹೆಸರು. ಹರಿನಾಥ ಸರ್ಕೀಟು ಬಂದಾಗಲೆಲ್ಲ ನೀರು ಕೊಡುವ ಮನೆಯವಳೇ. ಬಿಸಿಲು ಕಣ್ಣು ಕುಕ್ಕಿದ್ದರಿಂದ ಅವಳಿಗೆ ಮುಖ ಕಾಣಲಿಲ್ಲ, ಹಾರ್ನು ಮಾತ್ರ ಕೇಳಿತು.

"ಓಯ್ ಬ್ಯಾರಿ, ನಿಲ್ಲಿ! ಒಂದು ವಾರದಿಂದ ಎಲ್ಲಿಗೆ ಸತ್ತದ್ದು ನೀವು? ಇಲ್ಲಿ ಬರೀ ಗಂಜಿ ಉಂಡು ಉಂಡು ನಾಲಿಗೆ ಒಣಗಿತು. ಇವತ್ತು ಎಂತ ಮೀನು ಉಂಟು? ಬೂತಾಯಿಯಾ, ಬಂಗುಡೆಯಾ?"

ಸೈಕಲು ನಿಂತಿತು. ಬೆಕ್ಕುಗಳೂ ನಿಂತವು. ಪ್ರೇಮಾವತಿ ಹಿಂದೆ ಬಂದು ಬುಟ್ಟಿಗೆ ಕೈ ಹಾಕಲು ಹೋದಳು. ಬುಟ್ಟಿಯ ಜಾಗದಲ್ಲಿ ಬಿಳಿ ಕೋಟು ಹಾಕಿಕೊಂಡು, ಮಡಿಲಲ್ಲಿ ಕೊಡೆ ಇಟ್ಟುಕೊಂಡು ಉದಯಶಂಕರ ರಾಯರಿದ್ದರು.

"ಇವತ್ತು ನಾನು ಮಾತ್ರ ಇರುವುದಮ್ಮ," ಎಂದರು ರಾಯರು.

ಅವಳು ಚಟ್ಟಿಯನ್ನು ಬೆನ್ನ ಹಿಂದೆ ಅಡಗಿಸಿ ನಾಲಿಗೆ ಕಚ್ಚಿಕೊಂಡಳು. ಮತ್ತೆ ಒಂದು ಮೈಲಿ ರಾಯರು ಕರವಸ್ತ್ರವನ್ನು ಮೂಗಿನಿಂದ ತೆಗೆಯಲಿಲ್ಲ. ಖಾಯಂ ಹೋಯಿತು ಎಂದುಕೊಂಡ ಹರಿನಾಥ. ಬೆಲ್ಲವಿಲ್ಲದೆ ಮನೆಗೆ ಹೋಗುವುದು ಹೇಗೆ ಎಂದುಕೊಂಡ. ಮೆಟ್ಟುವ ಕಾಲು ಮೆಟ್ಟುತ್ತಲೇ ಇತ್ತು, ಮನಸ್ಸು ಮಾತ್ರ ಬಸಳೆ ಚಪ್ಪರದ ಕೆಳಗೆ ಕೂತಿತ್ತು.

ಬಾಯಾರಿಗೆ ಇಳಿಯುವ ಜಾರಿನಲ್ಲಿ ಹಿಂದಿನ ರಾತ್ರಿಯ ಮಳೆಗೆ ಕೆಸರು ಎಣ್ಣೆಯ ಹಾಗಿತ್ತು. ಎಡಗಡೆ ಆಳದಲ್ಲಿ ನೀರು ಹರಿಯುವ ತೋಡು, ಕಲ್ಲಿನ ಮೇಲೆ ಕಲ್ಲು. ಅರ್ಧ ಇಳಿದಾಗ ಮೇಲಿನ ಗದ್ದೆಯಿಂದ ಕರುವೊಂದು ಬಾಲ ಎತ್ತಿಕೊಂಡು ದಾರಿಗೆ ಹಾರಿತು. ಹರಿನಾಥ ಬ್ರೇಕು ಹಿಡಿದ. ಸೈಕಲು ಅಡ್ಡಕ್ಕೆ ತಿರುಗಿ ಅಂಚಿನ ಕಡೆಗೆ ಹೋಯಿತು. ರಾಯರು ಕೊಡೆ ಬಿಟ್ಟು ಹರಿನಾಥನ ಸೊಂಟ ಹಿಡಿದರು. ಕೊಡೆ ಉರುಳಿ ತೋಡಿಗೆ ಬಿದ್ದು, ಕಲ್ಲಿಗೆ ತಾಗಿದ ಸದ್ದು ಬರಲು ಸ್ವಲ್ಪ ಹೊತ್ತು ಹಿಡಿಯಿತು.

ಸೈಕಲು ಬೀಳಲಿಲ್ಲ. ಅದ್ರಾಮನ ಟಯರು ಕೆಸರಿನಲ್ಲಿ ಹಲ್ಲು ಊರಿ, ಹಸಿದ ನಾಯಿ ಎಲುಬು ಕಚ್ಚಿದ ಹಾಗೆ ನೆಲವನ್ನು ಕಚ್ಚಿ ನಿಂತಿತ್ತು. ರಾಯರ ಎಡಗಾಲಿನ ಬೂಟು ಮಾತ್ರ ಗಾಳಿಯಲ್ಲಿತ್ತು.

ಅವರು ಮೆಲ್ಲನೆ ಇಳಿದರು. ಕೆಳಗೆ ನೋಡಿದರು. ಆಮೇಲೆ ಬಗ್ಗಿ ಟಯರನ್ನು ನೋಡಿ, ಹಸುವಿನ ಮೈದಡವುವ ಹಾಗೆ ಅದನ್ನು ಸವರಿದರು.

"ಇದು ಯಾವ ಟಯರು?"

"ಮೀನಿನವರದ್ದು ಸಾರ್. ಅರ್ಧ ಕ್ರಯಕ್ಕೆ... ಇವತ್ತು ಬೆಳಿಗ್ಗೆ... ವಾಸನೆ ಗೊತ್ತಾಗಲಿಲ್ಲ ಸಾರ್. ತಪ್ಪಾಯಿತು."

"ತಪ್ಪೆಂಥದು! ವಾಸನೆ ಮೂಗಿನ ಸಂಗತಿ. ಇದು ಜೀವದ ಸಂಗತಿ," ಎಂದರು ರಾಯರು. ಮೂಗಿನ ಕರವಸ್ತ್ರ ತೆಗೆದು ಕಿಸೆಗೆ ಹಾಕಿದರು. "ಮನುಷ್ಯ ಎಂಥವನು ಎಂದು ಅವನ ಸೈಕಲು ಹೇಳುತ್ತದೆ, ಹರಿನಾಥ. ನನಗೆ ಬೇರೆ ಪರೀಕ್ಷೆ ಬೇಡ."

ಬಾಯಾರಿನ ಲೆಕ್ಕವನ್ನು ಅವರು ಅರೆಗಣ್ಣಿನಲ್ಲಿ ನೋಡಿ ಮುಗಿಸಿದರು. ಹಿಂತಿರುಗುವಾಗ ದಾರಿಯುದ್ದಕ್ಕೂ ಹಾಡು ಗುನುಗಿದರು. ಹರಿನಾಥನಿಗೆ ಚಡಾವೂ ಜಾರಿನ ಹಾಗೆ ಕಂಡಿತು. ಬೆಕ್ಕುಗಳು ಮತ್ತೆ ಹಿಂಬಾಲಿಸಿದಾಗ ಮೆರವಣಿಗೆಯೆಂದೇ ಅನಿಸಿತು.

ಸಂಜೆಯ ಗಾಡಿಗೆ ಮೊದಲು ರಾಯರು ಆಫೀಸಿನ ಜಗಲಿಯಲ್ಲಿ ಕೂತು ಕಾಫಿ ಕುಡಿದರು. ಗುಣಪಾಲಣ್ಣ ಕೈ ಕಟ್ಟಿ ಪಕ್ಕದಲ್ಲಿ ನಿಂತಿದ್ದರು.

"ಹರಿನಾಥ, ನಿಮ್ಮನ್ನು ಖಾಯಂ ಮಾಡಿದ್ದೇನೆ," ಎಂದರು ರಾಯರು.

ಹರಿನಾಥನ ಕಣ್ಣು ತುಂಬಿತು.

"ಇನ್ನೊಂದು ಮಾತು. ದೇಲಂಪಾಡಿಯಲ್ಲಿ ಹೊಸ ಸಂಘಗಳಾಗಿವೆ. ಅಲ್ಲಿಗೊಬ್ಬ ಸೂಪರ್‌ವೈಸರು ಬೇಕು. ನಿಜ ಹೇಳಬೇಕೆಂದರೆ, ಗುಣಪಾಲರನ್ನು ಹಾಕುವುದೆಂದು ನಿಶ್ಚಯಿಸಿಕೊಂಡೇ ನಾನು ಗಾಡಿ ಹತ್ತಿದ್ದು. ಹಿರಿಯರು, ಅನುಭವ ಇರುವವರು. ಆದರೆ ಇವತ್ತು ಅವರ ಟಯರು ನೋಡಿದೆ." ರಾಯರು ಕತ್ತದ ಹಗ್ಗದ ಕಡೆಗೆ ಕನಿಕರದಿಂದ ನೋಡಿದರು. "ಆ ಸೈಕಲಿನಲ್ಲಿ ಅವರನ್ನು ಆ ಗುಡ್ಡೆಗೆ ಕಳಿಸಿದರೆ ಪಾಪ ನನಗೆ ತಾಗುತ್ತದೆ. ನಿಮ್ಮಂಥ ಟಯರು ಇರುವವರು ಮಂಗಲ್ಪಾಡಿಯ ಹೊಯಿಗೆಯಲ್ಲಿ ತಿರುಗುವುದು ಇಲಾಖೆಗೆ ನಷ್ಟ. ಸೋಮವಾರ ಅಲ್ಲಿ ಹಾಜರಾಗಿ. ನಿಮ್ಮ ಬದಿಯನ್ನೂ ಗುಣಪಾಲರೇ ಹೇಗೋ ನೋಡಿಕೊಳ್ಳುತ್ತಾರೆ."

"ಸಾರ್, ನನ್ನ ಮನೆಯವರು ಇಲ್ಲಿ ಟೀಚರು..."

"ರಜೆಯಲ್ಲಿ ಬಂದು ಹೋಗಿ. ಈ ಟಯರಿಗೆ ದೇಲಂಪಾಡಿ ಒಂದು ದೂರವಾ?"

ಗಾಡಿ ಬಂತು. ರಾಯರು ಹೋದರು. ಗುಣಪಾಲಣ್ಣ ಅಂಗಳದಲ್ಲಿ ಕುಕ್ಕರುಗಾಲಿನಲ್ಲಿ ಕೂತು ಕತ್ತದ ಹಗ್ಗ ಬಿಚ್ಚತೊಡಗಿದರು. ಹರಿನಾಥ ಬಂದು ಎದುರಿಗೆ ನಿಂತ.

"ನಿಮಗೆ ಮೊದಲೇ ಗೊತ್ತಿತ್ತಾ ಗುಣಪಾಲಣ್ಣ?"

"ಮಂಗಳೂರಿನ ಗುಮಾಸ್ತ ಹೇಳಿ ಕಳಿಸಿದ್ದ. ನನ್ನ ಟಯರು ಸಾಕಾಗ್ತದೋ ಇಲ್ಲವೋ ಅಂತ ನಿನ್ನೆಯಿಂದ ಹೆದರಿಕೆ. ಅದರಲ್ಲಿ ಇನ್ನೂ ಸ್ವಲ್ಪ ಗೆರೆ ಇತ್ತು ಮಾರಾಯ. ದೇವರು ದೊಡ್ಡವ, ಬೆಳಿಗ್ಗೆ ನಿನ್ನದು ಒಡೆಯಿತು."

"ಬಾಯಿಬಿಟ್ಟು ಹೇಳಬಹುದಿತ್ತಲ್ಲ!"

"ಹೇಳಿದೆನಲ್ಲ, ಹೊಸತು ಬೇಡ, ಇವತ್ತು ಮಾತ್ರ ಬೇಡ ಅಂತ. ಅದಕ್ಕಿಂತ ಹೆಚ್ಚು ಭಟ್ಟರ ಎದುರು ಹೇಳ್ಲಿಕ್ಕಾಗ್ತದಾ? ಮಧ್ಯಾಹ್ನಕ್ಕೆ ಮಂಗಳೂರಿಗೆ ಮುಟ್ಟುತ್ತಿತ್ತು." ಅವರು ಹಗ್ಗವನ್ನು ನೀಟಾಗಿ ಸುತ್ತಿದರು. ಆಮೇಲೆ ಮೆಲ್ಲನೆ ಹೇಳಿದರು. "ಮತ್ತೆ, ಯಾರಾದರೂ ಒಬ್ಬರು ಹೋಗಲೇಬೇಕಿತ್ತು ಹರಿನಾಥ. ನನಗೂ ಮನೆ ಉಂಟಲ್ಲ. ಇಬ್ಬರದ್ದೂ ಹರಕು ಟಯರಾಗಿದ್ದರೆ ಹೊರಗಿನಿಂದ ಯಾರನ್ನಾದರೂ ತರುತ್ತಿದ್ದರು."

ಹರಿನಾಥನಿಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಊರೆಲ್ಲ ನಕ್ಕ ಆ ತೇಪೆಗಳನ್ನು ಅವನು ಮೊದಲ ಸಲ ಸರಿಯಾಗಿ ನೋಡಿದ. ಒಂದೊಂದು ತೇಪೆಯೂ ಒಬ್ಬೊಬ್ಬ ಡೆಪ್ಯುಟಿ.

"ಅಂಗಡಿಯಲ್ಲಿ ಸುಖ, ಹಿಡಿತ, ಕ್ರಯ ಅಂತ ಎಲ್ಲ ಕೇಳಿದೆಯಂತೆ, ಭಟ್ಟರು ಹೇಳಿದರು," ಗುಣಪಾಲಣ್ಣ ಎದ್ದು ನಿಂತರು. "ಸುಖ ಅಂದರೆ ಎಂತ? ಸಂಜೆ ಮನೆಗೆ ಬಂದು ಬಿಸಿನೀರು ಮೀಯುದು. ಹಿಡಿತ ಅಂದರೆ? ಇದ್ದ ಜಾಗ ಬಿಡದಿರುದು. ಕ್ರಯ ನೋಡಿದರೆ ಹರಿದದ್ದಕ್ಕೆ ಏನೂ ಇಲ್ಲ."

"ಆ ನನ್ನ ಹಳೆ ಟಯರು ವಾಪಾಸು ಕೊಡ್ತೀರಾ? ನಾಳೆ ಮಂಗಳೂರಿಗೆ ಹೋಗಿ ರಾಯರಿಗೆ ತೋರಿಸಿ..."

"ಅದನ್ನು ಮಾತ್ರ ಕೇಳಬೇಡ ಮಾರಾಯ," ಎಂದು ಗುಣಪಾಲಣ್ಣ ಟಯರನ್ನು ಎದೆಗೆ ಒತ್ತಿಕೊಂಡರು. "ಈ ರಾಯರಿಗೆ ವರ್ಗ ಆದರೆ ಮುಂದೆ ಬರುವವರಿಗೆ ತೋರಿಸ್ಲಿಕ್ಕೆ ಬೇಕು."

ಹರಿನಾಥ ಬೆಲ್ಲ ಕಟ್ಟಿಸಿಕೊಂಡೇ ಮನೆಗೆ ಹೋದ. ದಮಯಂತಿ ಜಗಲಿಯಲ್ಲಿ ಕಾಯುತ್ತಿದ್ದಳು. ಅವನ ಕೈಯಲ್ಲಿದ್ದ ಪೊಟ್ಟಣ ನೋಡಿ ಅವಳ ಮುಖ ಅರಳಿತು.

"ಖಾಯಂ ಆಯ್ತಾ?"

"ಆಯ್ತು."

"ಟಯರು ಹೇಗುಂಟು?"

"ಚೆನ್ನಪ್ಪ ಹೇಳಿದ್ದರಲ್ಲಿ ಒಂದೂ ಸುಳ್ಳಿಲ್ಲ," ಎಂದ ಹರಿನಾಥ. ಸೈಕಲನ್ನು ಕಂಬಕ್ಕೆ ಒರಗಿಸಿದ. ಭಟ್ಟರ ಮನೆಯ ಬೆಕ್ಕು ಬಂದು, ಭಟ್ಟರು ಕಾಣುವುದಿಲ್ಲವೆಂದು ನೋಡಿಕೊಂಡು, ಟಯರಿಗೆ ಮೈ ಉಜ್ಜಿತು. ಬಸಳೆಯ ಬಳ್ಳಿ ಬೆಳಿಗ್ಗೆ ಅವಳು ಇಟ್ಟಲ್ಲಿಂದ ಒಂದು ಗೆಣ್ಣು ಮೇಲಕ್ಕೆ ಕೈ ಚಾಚಿತ್ತು.

ಅವನು ಬೆಲ್ಲದ ಪೊಟ್ಟಣವನ್ನು ಅವಳ ಕೈಗಿಟ್ಟ.

"ದಮಯಂತೀ," ಎಂದ, "ಹರಿವೆ ಬೀಜ ಇದ್ದರೆ ಒಂದು ಮುಷ್ಟಿ ಕಟ್ಟಿಕೊಡು."